ಕಬ್ಬಿಣದ ಒಡವೆ

ಕಬ್ಬಿಣಕ್ಕೂ ಒಡವೆಗೂ ನಮ್ಮಲ್ಲಿ ಹೆಚ್ಚು ಬಳಕೆಯಿಲ್ಲ. ಶನಿಯ ಕಾಟ ತಗ್ಗಲೆಂದು ಕುದುರೆಯ ಲಾಳದಿಂದ ಮಾಡಿಸಿದ ಉಂಗುರವನ್ನು ತೊಡುವವರುಂಟು. ದೃಷ್ಟಿ ತಾಗದಿರಲೆಂದು ಎಳೆಗೂಸಿನ ಕೈಗೆ ಕಬ್ಬಿಣದ ಬಳೆಯನ್ನು ಏರಿಸುವ ಅಜ್ಜಿಯರುಂಟು. ಆದರೆ ಅದೆಲ್ಲ ಕಷಾಯವನ್ನು ಕುಡಿಯುವ ಹಾಗೆ; ಸೊಗಸಿಗಾಗಿ ಅಲ್ಲ. ಮದುವೆಯ ಚಪ್ಪರದಲ್ಲಿ ಗಂಡಿನ ಕಡೆಯವರು ಕಬ್ಬಿಣದ ಅಡ್ಡಿಕೆಯನ್ನೂ ಕಬ್ಬಿಣದ ಓಲೆಯನ್ನೂ ತಟ್ಟೆಯಲ್ಲಿಟ್ಟು ತಂದರೆ ಮುಂದೆ ಏನು ನಡೆದೀತೆಂಬುದನ್ನು ಕೇಳುಗರ ಊಹೆಗೇ ಬಿಡುತ್ತೇನೆ.

ಹೀಗಿರುವಾಗ, ಸುಮಾರು ಇನ್ನೂರು ವರ್ಷಗಳ ಹಿಂದೆ ಯೂರೋಪಿನ ರಾಜಧಾನಿಯೊಂದರಲ್ಲಿ ಅರಮನೆಯ ಹೆಂಗಸರು ಮೊದಲುಗೊಂಡು ಗುಮಾಸ್ತರ ಮಡದಿಯರವರೆಗೆ ಬಹುಮಂದಿ ಕೊರಳಲ್ಲಿ, ಕಿವಿಯಲ್ಲಿ, ಕೈಯಲ್ಲಿ, ಮುಡಿಯಲ್ಲಿ ಕರಿಯ ಕಬ್ಬಿಣವನ್ನು ಧರಿಸಿ ತಲೆಯೆತ್ತಿ ನಡೆದರೆಂದರೆ ಆಶ್ಚರ್ಯವಾಗಬಹುದು. ಆ ರಾಜ್ಯ ಪ್ರಷ್ಯ. ಆ ಪಟ್ಟಣ ಬರ್ಲಿನ್. ನಮ್ಮ ಕಾಲೇಜುಗಳಲ್ಲಿ ಓದಿಸುವ ಚರಿತ್ರೆಯ ಪುಸ್ತಕಗಳಲ್ಲಿ ಜೀನಾ ಕದನಕ್ಕೆ ಎರಡು ಪುಟ ದೊರೆತರೆ ಲೈಪ್ಜಿಗ್ ಕದನಕ್ಕೆ ಮೂರು ಪುಟ ದೊರೆಯುತ್ತದೆ. ಈ ಒಡವೆಗಳಿಗೆ ಒಂದು ಅಡಿಟಿಪ್ಪಣಿಯೂ ಇರುವುದಿಲ್ಲ. ಆದರೂ ಆ ಕಾಲದ ಜನರು ಏನನ್ನು ಪ್ರೀತಿಸಿದರು, ಯಾರನ್ನು ನಂಬಿದರು, ಆ ನಂಬಿಕೆಗೆ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಸೇನಾಪತಿಗಳ ವರದಿಗಳಿಗಿಂತ ಈ ಬೆರಳಗಲದ ಕಬ್ಬಿಣದ ತುಂಡುಗಳೇ ಹೆಚ್ಚು ನೆರವಾಗುತ್ತವೆಂದು ನನ್ನ ಎಣಿಕೆ. ಎರಡು ಅಗ್ಗದ ವಸ್ತುಗಳು ಕೂಡಿ ಈ ಒಡವೆ ಹುಟ್ಟಿತು. ಒಂದು, ಲೋಹಗಳಲ್ಲಿ ಅಗ್ಗವಾದ ಕಬ್ಬಿಣ. ಇನ್ನೊಂದು, ಚಿತ್ರಗಳಲ್ಲಿ ಅಗ್ಗವಾದ ನೆರಳುಚಿತ್ರ. ನೆರಳಿನ ಕಥೆ ಹಳೆಯದಾದುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ತೊಗಲು ಗೊಂಬೆಯಾಟವನ್ನು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಪರದೆಯ ಮೇಲೆ ಬರುವ ಪಾತ್ರಗಳಲ್ಲಿ ಹೆಚ್ಚಿನವು ಪಕ್ಕದ ಮುಖವನ್ನೇ ತೋರಿಸುತ್ತವೆ. ಎದುರುಮುಖದ ನೆರಳೆಂದರೆ ಬರಿಯ ಒಂದು ಉಂಡೆ. ರಾಮನದೋ ರಾವಣನದೋ ತಿಳಿಯುವುದಿಲ್ಲ. ಹಣೆಯ ಇಳುಕಲು, ಮೂಗಿನ ಏರು, ತುಟಿಗಳ ಮಡಿಕೆ, ಗಲ್ಲದ ತಿರುವು, ಇವು ಒಂದೇ ಗೆರೆಯಲ್ಲಿ ಸಿಕ್ಕುವುದು ಮುಖ ಪಕ್ಕಕ್ಕೆ ತಿರುಗಿದಾಗ ಮಾತ್ರ. ಆ ಒಂದು ಗೆರೆಯಲ್ಲಿ ಮನುಷ್ಯನ ಗುರುತು ಅಡಗಿದೆ. ಕಣ್ಣಿಲ್ಲ, ಬಣ್ಣವಿಲ್ಲ, ನಗುವಿಲ್ಲ. ಆದರೂ ಮನೆಯವರು ನೋಡಿದೊಡನೆ ‘ಇದು ನಮ್ಮವರದೇ’ ಎನ್ನುತ್ತಾರೆ.

ರೋಮಿನ ಪ್ಲಿನಿ ಎಂಬ ವಿದ್ವಾಂಸನು ತನ್ನ ದೊಡ್ಡ ಗ್ರಂಥದಲ್ಲಿ ಒಂದು ಕಥೆಯನ್ನು ಹೇಳಿದ್ದಾನೆ. ಗ್ರೀಸಿನ ಕಾರಿಂತ್ ಪಟ್ಟಣದಲ್ಲಿ ಬ್ಯೂಟಡೀಸ್ ಎಂಬ ಕುಂಬಾರನಿದ್ದನು. ಅವನ ಮಗಳು ಒಬ್ಬ ತರುಣನನ್ನು ಒಲಿದಿದ್ದಳು. ಆ ತರುಣನು ದೂರದೇಶಕ್ಕೆ ಹೊರಟು ನಿಂತಾಗ, ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬಿದ್ದ ಅವನ ಮುಖದ ನೆರಳಿನ ಸುತ್ತ ಆಕೆ ಗೆರೆಯೆಳೆದಿಟ್ಟುಕೊಂಡಳು. ತಂದೆ ಆ ಗೆರೆಯೊಳಗೆ ಮಣ್ಣನ್ನು ಮೆತ್ತಿ ಉಬ್ಬುಮುಖವನ್ನು ಮಾಡಿ, ಒಣಗಿಸಿ, ತನ್ನ ಮಡಕೆಗಳೊಡನೆ ಆವಿಗೆಯಲ್ಲಿಟ್ಟು ಸುಟ್ಟನು. ಕ್ರಿಸ್ತಪೂರ್ವ 146ರಲ್ಲಿ ರೋಮನರು ಕಾರಿಂತನ್ನು ಹಾಳುಮಾಡುವವರೆಗೆ ಆ ಬಿಲ್ಲೆ ಅಲ್ಲಿಯ ಒಂದು ಗುಡಿಯಲ್ಲಿ ಇದ್ದಿತೆಂದು ಪ್ಲಿನಿ ಬರೆಯುತ್ತಾನೆ. ಕಥೆ ನಿಜವೋ ಸುಳ್ಳೋ, ನಮಗೆ ಬೇಕಾದುದು ಅದರ ಕ್ರಮ. ಮೊದಲು ಅಗಲುವಿಕೆ, ಆಮೇಲೆ ನೆರಳು, ಆಮೇಲೆ ಗೆರೆ, ಆಮೇಲೆ ಕೈಯಲ್ಲಿ ಹಿಡಿಯಬಹುದಾದ ಗಟ್ಟಿ ವಸ್ತು. ಬರ್ಲಿನ್ನಿನ ಎರಕದವರು ಮಾಡಿದುದೂ ಇಷ್ಟನ್ನೇ. ಮಣ್ಣಿನ ಬದಲು ಕಬ್ಬಿಣವನ್ನು ತೆಗೆದುಕೊಂಡರು.

ನೆರಳುಚಿತ್ರಕ್ಕೆ ಯೂರೋಪಿನ ಭಾಷೆಗಳಲ್ಲಿ ಇರುವ ಹೆಸರು ಸಿಲುಯೆಟ್. ಇದು ಒಬ್ಬ ಮಂತ್ರಿಯ ಹೆಸರು. 1759ರಲ್ಲಿ ಫ್ರಾನ್ಸಿನ ಬೊಕ್ಕಸ ಬರಿದಾಗಿದ್ದಾಗ ಎಟಿಯೆನ್ ದ ಸಿಲುಯೆಟ್ ಎಂಬಾತನು ಹಣಕಾಸಿನ ಆಡಳಿತಕ್ಕೆ ಬಂದು, ಸಿರಿವಂತರ ಆಡಂಬರದ ಮೇಲೆ ತೆರಿಗೆ ಹಾಕಹೊರಟು, ಎಂಟು ತಿಂಗಳಲ್ಲಿಯೇ ಕೆಲಸವನ್ನು ಕಳೆದುಕೊಂಡನು. ಪ್ಯಾರಿಸಿನ ಜನರು ಅವನನ್ನು ಸುಮ್ಮನೆ ಬಿಡಲಿಲ್ಲ. ಜೇಬಿಲ್ಲದ ಷರಾಯಿ ಸಿಲುಯೆಟ್ ಷರಾಯಿಯಾಯಿತು. ಅಗ್ಗವಾದುದು, ಅರೆಬರೆಯಾದುದು ಎಲ್ಲಕ್ಕೂ ಅವನ ಹೆಸರೇ ಅಂಟಿತು. ಬಣ್ಣದ ಚಿತ್ರವನ್ನು ಬರೆಯಿಸಲು ಹಣವಿಲ್ಲದವರು ಬರೆಯಿಸುತ್ತಿದ್ದ ಕರಿಯ ನೆರಳುಚಿತ್ರಕ್ಕೂ ಅದೇ ಹೆಸರು ನಿಂತಿತು. ಮಂತ್ರಿಯ ಲೆಕ್ಕಪತ್ರಗಳನ್ನು ಈಗ ಯಾರೂ ನೆನೆಯುವುದಿಲ್ಲ. ಹಣಕಾಸಿನ ಮಂತ್ರಿಗಳಲ್ಲಿ ನಿಘಂಟನ್ನು ಸೇರುವ ಭಾಗ್ಯ ಎಷ್ಟು ಮಂದಿಗೆ ಇದೆ!

ಈ ಚಿತ್ರವನ್ನು ತೆಗೆಯುವ ವಿಧಾನ ಬಹು ಸುಲಭ. ಕುಳಿತವನ ಒಂದು ಪಕ್ಕದಲ್ಲಿ ಮೇಣದ ಬತ್ತಿ, ಇನ್ನೊಂದು ಪಕ್ಕದಲ್ಲಿ ಚೌಕಟ್ಟಿಗೆ ಬಿಗಿದ ತೆಳ್ಳನೆಯ ಕಾಗದ. ಕಾಗದದ ಆಚೆಗೆ ನಿಂತವನು ನೆರಳಿನ ಅಂಚನ್ನು ಸೀಸದಕಡ್ಡಿಯಿಂದ ತಿದ್ದಿಕೊಳ್ಳುತ್ತಾನೆ. ತಲೆ ಅಲುಗದಿರಲೆಂದು ಆನಿಕೆಯುಳ್ಳ ಕುರ್ಚಿಯನ್ನೇ ಮಾಡಿಸಿದ್ದರು. ಹೀಗೆ ಬಂದ ಆಳುದ್ದದ ತಲೆಯನ್ನು ಕಿರಿದು ಮಾಡಲು ನಾಲ್ಕು ಪಟ್ಟಿಗಳನ್ನು ಕೀಲಿಸಿದ ಒಂದು ಉಪಕರಣವಿದ್ದಿತು; ಜರ್ಮನರು ಅದನ್ನು ಕೊಕ್ಕರೆಯ ಕೊಕ್ಕು ಎಂದು ಕರೆಯುತ್ತಾರೆ. ಅದರ ಒಂದು ಮೊನೆ ದೊಡ್ಡ ಗೆರೆಯ ಮೇಲೆ ಹರಿದರೆ ಇನ್ನೊಂದು ಮೊನೆ ಅದೇ ಗೆರೆಯನ್ನು ಉಗುರಿನಷ್ಟು ಮಾಡಿ ಬರೆಯುತ್ತದೆ. ಮುಖವನ್ನು ಉಂಗುರದೊಳಕ್ಕೆ ಇಳಿಸುವ ದಾರಿ ಇದರಿಂದ ತೆರೆಯಿತು. ಲಂಡನ್ನಿನ ಜಾನ್ ಮಯರ್ಸ್ ಎಂಬ ನಿಪುಣನು ದಂತದ ಹರಳಿನಷ್ಟಗಲದ ಬಿಲ್ಲೆಯ ಮೇಲೆ ನೆರಳುಮುಖಗಳನ್ನು ಬರೆದು, ಚಿನ್ನದ ಕಟ್ಟಿನೊಳಗೆ ಕೂರಿಸಿ, ಉಂಗುರ, ಪದಕ, ಬ್ರೂಚುಗಳನ್ನು ಮಾಡಿ ಮಾರುತ್ತಿದ್ದನು. ಒಮ್ಮೆ ತೆಗೆದ ಮೂಲ ನೆರಳುಗಳನ್ನು ತಾನು ಕಾಪಾಡಿಟ್ಟಿರುವುದಾಗಿಯೂ, ಬೇಕೆಂದವರಿಗೆ ಎಷ್ಟು ಪ್ರತಿಗಳನ್ನಾದರೂ ಮಾಡಿಕೊಡಬಲ್ಲೆನೆಂದೂ ಅವನು ಚಿತ್ರಗಳ ಬೆನ್ನಿಗೆ ಅಂಟಿಸುತ್ತಿದ್ದ ಚೀಟಿಯಲ್ಲಿ ಅಚ್ಚು ಹಾಕಿಸಿದ್ದನು. ಸತ್ತವರ ಮನೆಯವರಿಗೆ ಈ ಚೀಟಿಯ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ.

ಜರ್ಮನ್ ನಾಡುಗಳಲ್ಲಿ ಈ ಗೀಳು ಇನ್ನೂ ಹೆಚ್ಚಾಗಿದ್ದಿತು. ಜೂರಿಚ್ಚಿನ ಲಾವಾಟರ್ ಎಂಬ ಪಾದ್ರಿ 1775ರಿಂದ 1778ರವರೆಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿ, ಮುಖದ ಗೆರೆಯಿಂದ ಗುಣವನ್ನು ಓದಬಹುದೆಂದು ವಾದಿಸಿದನು. ಕವಿ ಗಯಟೆಯೂ ಆ ಕೆಲಸದಲ್ಲಿ ಕೈಗೂಡಿಸಿದನು. ಸಾಮುದ್ರಿಕದಂಥ ಈ ವಾದ ಈಗ ಬಿದ್ದುಹೋಗಿದೆ, ಬಿದ್ದುದು ಒಳ್ಳೆಯದೇ. ಆದರೆ ಅದರ ದೆಸೆಯಿಂದ ಮನೆಮನೆಯಲ್ಲೂ ಪಕ್ಕದ ಮುಖವನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಬೆಳೆಯಿತು.

ಒಡವೆಯ ಮೇಲಿನ ಕರಿಯ ಆಕೃತಿ ಬರಿಯ ನೆನಪಿಗಲ್ಲದೆ ಒಂದು ಮತದ ಸಾರಣೆಗೂ ಬಂದೀತೆಂಬುದನ್ನು ತೋರಿಸಿದವನು ಇಂಗ್ಲೆಂಡಿನ ಪಿಂಗಾಣಿಯ ವ್ಯಾಪಾರಿ ಜೋಸೈಯ ವೆಜ್‌ವುಡ್. 1787ರಲ್ಲಿ ಅವನ ಕಾರ್ಖಾನೆಯಲ್ಲಿ ಒಂದು ಬಿಲ್ಲೆ ಸಿದ್ಧವಾಯಿತು. ಬಿಳಿಯ ನೆಲದ ಮೇಲೆ ಸರಪಳಿ ತೊಟ್ಟು ಮೊಣಕಾಲೂರಿದ ಕರಿಯ ಗುಲಾಮನ ಪಕ್ಕದ ಆಕೃತಿ. ನಾನೂ ಮನುಷ್ಯನಲ್ಲವೇ, ಸಹೋದರನಲ್ಲವೇ ಎಂಬ ಅರ್ಥದ ಬರಹ. ಹೆಂಗಸರು ಅದನ್ನು ಕಡಗಗಳಲ್ಲಿಯೂ ಮುಡಿಯ ಪಿನ್ನುಗಳಲ್ಲಿಯೂ ಕೂರಿಸಿಕೊಂಡು ಧರಿಸಿದರು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ಹೋರಾಡಿದ ಕ್ಲಾರ್ಕ್‌ಸನ್ನನು, ಷೋಕಿಯೆಂಬುದು ಒಮ್ಮೆಯಾದರೂ ಒಳ್ಳೆಯ ಕೆಲಸಕ್ಕೆ ಬಂದಿತಲ್ಲಾ ಎಂದು ಸಂತೋಷಪಟ್ಟಿದ್ದಾನೆ.

ಇನ್ನು ಕಬ್ಬಿಣ. ಪ್ರಷ್ಯಕ್ಕೆ ಸೇರಿದ್ದ ಸೈಲೀಸಿಯ ಪ್ರಾಂತದಲ್ಲಿ ಗಣಿಗಳ ಮೇಲ್ವಿಚಾರಕನಾಗಿದ್ದ ರೇಡೆನ್ ಎಂಬ ಪ್ರಭು ಇಂಗ್ಲೆಂಡಿನ ಪದ್ಧತಿಗಳನ್ನು ನೋಡಿ ಬಂದವನು. ಅವನ ಉತ್ಸಾಹದಿಂದ ಗ್ಲೈವಿಟ್ಸ್ ಎಂಬಲ್ಲಿ ಒಂದು ಕಾರ್ಖಾನೆ ಎದ್ದು, 1796ರಲ್ಲಿ ಕೋಕ್ ಉರಿಸುವ ದೊಡ್ಡ ಕುಲುಮೆ ಹೊತ್ತಿತು. ಆ ಊರು ಈಗ ಪೋಲೆಂಡಿನಲ್ಲಿ ಗ್ಲಿವಿಟ್ಸೆ ಎಂಬ ಹೆಸರಿನಿಂದಿದೆ. 1804ರಲ್ಲಿ ಬರ್ಲಿನ್ನಿನಲ್ಲಿಯೇ ರಾಜರ ಎರಕದ ಮನೆ ಆರಂಭವಾಯಿತು. ಫಿರಂಗಿ, ಯಂತ್ರದ ಭಾಗ, ಸೇತುವೆಯ ಕಂಬಿ, ಇವು ಅಲ್ಲಿಯ ಮುಖ್ಯ ಕೆಲಸ. ಆದರೆ ಎರಕದವರು ತಮ್ಮ ಕೈಚಳಕವನ್ನು ತೋರಿಸಲು ಹೊಸ ವರ್ಷದ ಶುಭಾಶಯಕ್ಕಾಗಿ ಅಂಗೈಯಗಲದ ಕಬ್ಬಿಣದ ಬಿಲ್ಲೆಗಳನ್ನು ಹೊಯ್ಯುತ್ತಿದ್ದರು. ಗಣ್ಯರ ಪಕ್ಕದ ಮುಖಗಳನ್ನು ಪದಕಗಳಾಗಿ ಹೊಯ್ಯುತ್ತಿದ್ದರು. ಲೆಯೊನಾರ್ಡ್ ಪೋಷ್ ಎಂಬ ಶಿಲ್ಪಿ ಈ ಮುಖಗಳನ್ನು ಮೇಣದಲ್ಲಿ ತಿದ್ದುವುದರಲ್ಲಿ ಅಸಮಾನನಾಗಿದ್ದನು. ರಾಜ, ರಾಣಿ, ಕವಿಗಳು, ಸೇನಾನಿಗಳು, ಹೀಗೆ ಆ ತಲೆಮಾರಿನ ಎಷ್ಟೋ ಮೂಗುಗಳು ನಮಗೆ ಗೊತ್ತಿರುವುದು ಅವನ ಬೆರಳುಗಳ ಉಪಕಾರದಿಂದ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಡವೆಯ ಬೆಲೆಯ ಗುಟ್ಟು ಅಲ್ಲಿಯೇ ಇದೆ. ಮೊದಲು ಶಿಲ್ಪಿ ಮೇಣದಲ್ಲಿ ಆಕೃತಿಯನ್ನು ಮಾಡುತ್ತಾನೆ. ಅದರಿಂದ ಹಿತ್ತಾಳೆಯಂಥ ಲೋಹದಲ್ಲಿ ಒಂದು ಮಾತೃಕೆಯನ್ನು ಹೊಯ್ದು, ಅದನ್ನು ಕೊರೆದು, ಉಜ್ಜಿ, ತಿದ್ದುತ್ತಾರೆ. ಆಮೇಲೆ ಹಿಟ್ಟಿನಂತೆ ನುಣುಪಾದ, ಸ್ವಲ್ಪ ಜೇಡಿ ಬೆರೆತ ಒದ್ದೆಮರಳನ್ನು ಎರಡು ಚೌಕಟ್ಟುಗಳಲ್ಲಿ ತುಂಬಿ ಮಾತೃಕೆಯನ್ನು ಅದರಲ್ಲಿ ಒತ್ತಿ ತೆಗೆಯುತ್ತಾರೆ. ಒಂದು ಕಾಲುವೆಯಿಂದ ಕವಲೊಡೆದ ಸಣ್ಣ ಕಾಲುವೆಗಳು ಒಂದೊಂದು ಅಚ್ಚಿಗೂ ಹೋಗುತ್ತವೆ. ಎರಕ ಆರಿದ ಮೇಲೆ ತೆಗೆದರೆ ಕಡ್ಡಿಗೆ ಎಲೆಗಳು ಅಂಟಿಕೊಂಡಂತೆ ಕಾಣುತ್ತದೆ. ರಂಜಕದ ಅಂಶ ಹೆಚ್ಚಾಗಿರುವ ಕಬ್ಬಿಣ ಕರಗಿದಾಗ ಬಹು ತೆಳ್ಳಗೆ ಹರಿಯುತ್ತದೆ. ಕೂದಲಿನಂಥ ಸಂದಿಗೂ ನುಗ್ಗುತ್ತದೆ. ಆದರೆ ಅದೇ ಗುಣ ಅದನ್ನು ಪೆಡಸು ಮಾಡುತ್ತದೆ. ತೆಳ್ಳನೆಯ ಎರಕ ಬೇಗ ಆರಿ ಇನ್ನೂ ಪೆಡಸಾಗುತ್ತದೆ. ಚಿನ್ನದ ಹಾಗೆ ಅದನ್ನು ಬಡಿದು ಬಗ್ಗಿಸುವಂತಿಲ್ಲ. ಸುಲಭವಾಗಿ ಬೆಸುಗೆ ಹಾಕುವಂತಿಲ್ಲ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆದೇ ಹೋದೀತು. ಆದುದರಿಂದ ಒಂದು ಕಂಠಹಾರವನ್ನು ಹತ್ತಾರು ಬಿಡಿ ತುಂಡುಗಳಾಗಿ ಹೊಯ್ದು ಸಣ್ಣ ಕೊಂಡಿಗಳಿಂದ ಒಂದಕ್ಕೊಂದು ಜೋಡಿಸುತ್ತಿದ್ದರು. ಕಡೆಯಲ್ಲಿ ಅಗಸೆ ಎಣ್ಣೆಯಲ್ಲಿ ಮಸಿಯನ್ನು ಕಲಸಿ ಬಳಿದು ಕೆಂಡದ ಮೇಲೆ ಕಾಯಿಸಿದರೆ ತುಕ್ಕು ಹಿಡಿಯದ ಮಾಸಲು ಕಪ್ಪು ಬರುತ್ತದೆ.

ನಮ್ಮ ಬೀದರಿನ ಕೆಲಸವನ್ನು ಬಲ್ಲವರಿಗೆ ಈ ಕಪ್ಪನ್ನು ಊಹಿಸುವುದು ಕಷ್ಟವಲ್ಲ. ಆದರೆ ಬಿದರಿಯ ಲೋಹ ಸತು ಮತ್ತು ತಾಮ್ರದ ಬೆರಕೆ. ಅದಕ್ಕೆ ಕಪ್ಪು ಬರುವುದು ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ. ಅಲ್ಲಿ ಕಪ್ಪು ಹಿನ್ನೆಲೆ. ಅದರ ಮೇಲೆ ಬೆಳ್ಳಿಯ ಬಳ್ಳಿ ಹೊಳೆಯುತ್ತದೆ. ಬರ್ಲಿನ್ನಿನಲ್ಲಿ ಕಪ್ಪೇ ಚಿತ್ರ. ಹಿನ್ನೆಲೆಯನ್ನು ಒದಗಿಸುತ್ತಿದ್ದವಳು ಧರಿಸಿದ ಹೆಣ್ಣುಮಗಳೇ! ಆ ಕಾಲದ ಉಡುಪು ಬಿಳಿಯ ಮಸ್ಲಿನ್ ಬಟ್ಟೆಯದು, ತೋಳು ಕೊರಳುಗಳನ್ನು ಬಿಟ್ಟುದು. ಅದರ ಮೇಲೆ ಜಾಲರಿಯಂತೆ ಕೊರೆದ ದ್ರಾಕ್ಷಿಯೆಲೆ, ಚಿಟ್ಟೆ, ಕಿನ್ನರಿ, ಗಾತಿಕ್ ಕಿಟಕಿಯ ಕಮಾನು, ನಡುವೆ ಅಂಡಾಕಾರದ ಬಿಲ್ಲೆಯಲ್ಲಿ ಪಕ್ಕದ ಮುಖ, ಇವೆಲ್ಲ ನೆರಳಿನಿಂದ ಕತ್ತರಿಸಿ ಅಂಟಿಸಿದಂತೆ ತೋರುತ್ತಿದ್ದುವು. ಮುಖದ ಗೆರೆ ಇನ್ನೂ ಸ್ಫುಟವಾಗಲೆಂದು ಕೆಲವಕ್ಕೆ ಹಿಂದೆ ಮೆರುಗುಕೊಟ್ಟ ಉಕ್ಕಿನ ತಗಡನ್ನು ಇಡುತ್ತಿದ್ದರು. ಚಿನ್ನದ ಒಡವೆ ಮಿಂಚಿನಿಂದ ಕಣ್ಣನ್ನು ಸೆಳೆಯುತ್ತದೆ. ಇದಕ್ಕೆ ಮಿಂಚಿಲ್ಲ, ಅಂಚು ಮಾತ್ರ ಉಂಟು. ಅಂಚು ಕೆಟ್ಟರೆ ಒಡವೆಯೇ ಕೆಟ್ಟಿತು. ಆದುದರಿಂದ ಶಿಲ್ಪಿಯ ತಪ್ಪನ್ನು ಮುಚ್ಚಲು ಇಲ್ಲಿ ಹರಳಿನ ನೆರವೂ ಇಲ್ಲ, ಹೊಳಪಿನ ನೆರವೂ ಇಲ್ಲ.

ಇಷ್ಟಾದರೂ ಇದು ಒಂದು ಕುಶಲ ವಿನೋದವಾಗಿಯೇ ಉಳಿಯುತ್ತಿದ್ದಿತೋ ಏನೋ. 1806ರ ಅಕ್ಟೋಬರ್ 14ರಂದು ಜೀನಾ ಮತ್ತು ಔವರ್ಷ್ಟೆಟ್ ಎಂಬಲ್ಲಿ ಪ್ರಷ್ಯದ ಸೈನ್ಯ ನೆಪೋಲಿಯನ್ನನ ಕೈಯಲ್ಲಿ ಒಂದೇ ದಿನದಲ್ಲಿ ಮುರಿಯಿತು. ಅದೇ ತಿಂಗಳು 27ರಂದು ಅವನು ಬರ್ಲಿನ್ನನ್ನು ಪ್ರವೇಶಿಸಿದನು. ಮರುವರ್ಷ ಟಿಲ್ಸಿಟ್ಟಿನ ಒಪ್ಪಂದದಿಂದ ರಾಜ್ಯದ ಸುಮಾರು ಅರ್ಧಭಾಗ ಕೈಬಿಟ್ಟಿತು. ಮೇಲೆ ಹನ್ನೆರಡು ಕೋಟಿ ಫ್ರಾಂಕುಗಳ ದಂಡ. ಟಿಲ್ಸಿಟ್ಟಿನಲ್ಲಿ ರಾಣಿ ಲೂಯಿಸೆ ತಾನೇ ನೆಪೋಲಿಯನ್ನನನ್ನು ಕಂಡು ತನ್ನ ಪ್ರಜೆಗಳಿಗಾಗಿ ಬೇಡಿಕೊಂಡಳು, ಫಲ ದೊರೆಯಲಿಲ್ಲ. 1810ರ ಜುಲೈ 19ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಶವವನ್ನು ಬರ್ಲಿನ್ನಿಗೆ ಒಯ್ಯುವಾಗ ಗ್ರಾನ್ಸೇ ಎಂಬ ಸಣ್ಣ ಊರಿನಲ್ಲಿ ಒಂದು ರಾತ್ರಿ ಇಳಿಸಿದ್ದರು. ಆ ಸ್ಥಳದಲ್ಲಿ ವಾಸ್ತುಶಿಲ್ಪಿ ಷಿಂಕೆಲ್ಲನು ರೂಪಿಸಿದ ಒಂದು ಮಂಟಪ 1811ರಲ್ಲಿ ನಿಂತಿತು. ಅದು ಅಮೃತಶಿಲೆಯದಲ್ಲ, ಕಂಚಿನದಲ್ಲ. ರಾಜರ ಎರಕದ ಮನೆಯಲ್ಲಿ ಹೊಯ್ದ ಕಬ್ಬಿಣದ್ದು. ಬಡತನಕ್ಕೆ ಬಿದ್ದ ರಾಜ್ಯ ತನ್ನ ದುಃಖಕ್ಕೆ ತನ್ನ ಕೈಗೆಟುಕಿದ ಲೋಹವನ್ನೇ ಆರಿಸಿಕೊಂಡಿತು. ಸೂತಕದ ಬಣ್ಣವೂ ಕಪ್ಪೇ. ರಾಣಿಯ ಪಕ್ಕದ ಮುಖವುಳ್ಳ ಕಬ್ಬಿಣದ ಪದಕಗಳು ಜನರ ಎದೆಯನ್ನು ಸೇರಿದುವು. ಕುಂಬಾರನ ಮಗಳ ಕಥೆ ಇಲ್ಲಿ ಒಂದು ಇಡೀ ಜನಾಂಗದ ಕಥೆಯಾಯಿತೆಂದರೆ ಅತ್ಯುಕ್ತಿಯಲ್ಲ.

1813ರಲ್ಲಿ ರಾಜ ಮೂರನೆಯ ಫ್ರೆಡರಿಕ್ ವಿಲಿಯಮ್ಮನು ನೆಪೋಲಿಯನ್ನನ ಮೇಲೆ ಎದ್ದನು. ಮಾರ್ಚ್ 10, ಸತ್ತ ರಾಣಿಯ ಹುಟ್ಟುಹಬ್ಬ. ಆ ದಿನಾಂಕದಿಂದ ಕಬ್ಬಿಣದ ಶಿಲುಬೆಯೆಂಬ ಪ್ರಶಸ್ತಿ ಸ್ಥಾಪಿತವಾಯಿತು. ಬೆಳ್ಳಿಯ ಅಂಚಿನೊಳಗೆ ಕರಿಯ ಎರಕದ ಕಬ್ಬಿಣ. ಅದರ ರೂಪವನ್ನು ತಿದ್ದಿದವನೂ ಷಿಂಕೆಲ್. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಪ್ರಶಸ್ತಿ ಎಂಬುದು ಹುಟ್ಟಿನ ಅಂತಸ್ತನ್ನು ಅಕ್ಷರಕ್ಷರ ಎಣಿಸುತ್ತಿದ್ದ ಆ ದೇಶದಲ್ಲಿ ದೊಡ್ಡ ಮಾತು. ಗಂಡಸರಿಗೆ ಕಬ್ಬಿಣ ಗೌರವವಾದ ಮೇಲೆ ಹೆಂಗಸರಿಗೂ ಆಗಬೇಡವೆ? ಅದೇ ತಿಂಗಳಲ್ಲಿ ರಾಜನ ತಮ್ಮನ ಪತ್ನಿ ಮರಿಯಾನೆ ಇತರ ರಾಜಕುಮಾರಿಯರೊಡಗೂಡಿ ಪ್ರಷ್ಯದ ಸ್ತ್ರೀಯರಿಗೆ ಒಂದು ಬಿನ್ನಹವನ್ನು ಹೊರಡಿಸಿದಳು. ಸೈನಿಕರ ಉಡುಪಿಗೆ, ಗಾಯಾಳುಗಳ ಶುಶ್ರೂಷೆಗೆ ಹಣ ಬೇಕು; ಮದುವೆಯ ಉಂಗುರವಾಗಲಿ, ಕಿವಿಯ ಓಲೆಯಾಗಲಿ, ಇದ್ದುದನ್ನು ಕೊಡಿರಿ. ಕೊಟ್ಟವರಿಗೆ ಬದಲಾಗಿ ಒಂದು ಕಬ್ಬಿಣದ ಉಂಗುರ. ಅದರ ಮೇಲೆ ಎರಕದಲ್ಲಿಯೇ ಮೂಡಿದ ಬರಹ: ಚಿನ್ನವನ್ನು ಕೊಟ್ಟೆ, ಕಬ್ಬಿಣವನ್ನು ಕೊಂಡೆ.

ಮದುವೆಯ ಉಂಗುರವೆಂದರೆ ನಮ್ಮಲ್ಲಿ ತಾಳಿಯಿದ್ದಂತೆ. ಅದನ್ನು ತೆಗೆದುಕೊಡುವುದು ಎಷ್ಟು ಕಠಿಣವೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ಆದರೂ ಊರೂರುಗಳಲ್ಲಿ ಸ್ತ್ರೀಯರ ಸಂಘಗಳು ನೂರಾರು ಹುಟ್ಟಿದುವು, ಚಿನ್ನ ಬಂದಿತು. ಬ್ರೆಸ್ಲೌ ಪಟ್ಟಣದಲ್ಲಿ ಫರ್ಡಿನಾಂಡೆ ಫಾನ್ ಷ್ಮೆಟ್ಟೌ ಎಂಬ ಹುಡುಗಿ, ಕೊಡಲು ಒಡವೆಯೇ ಇಲ್ಲದೆ, ತನ್ನ ಹೊಂಬಣ್ಣದ ತಲೆಗೂದಲನ್ನು ಕತ್ತರಿಸಿ ಕೊಟ್ಟಳು. ಕೂದಲಿನಿಂದ ಉಂಗುರ, ಕಡಗಗಳನ್ನು ಹೆಣೆದು ಮಾರಿ ಹಣವನ್ನು ಸೈನ್ಯಕ್ಕೆ ಸಲ್ಲಿಸಿದರು. ಚಿನ್ನ ಧರಿಸಿ ಹೊರಗೆ ಬರುವುದು ನಾಚಿಕೆಯೆನಿಸುವ ದಿನಗಳು ಬಂದುವು. ಲೋಹದ ಬೆಲೆ ತಿರುಗುಮುರುಗಾಯಿತು. ಇದನ್ನು ಅರ್ಥಶಾಸ್ತ್ರದ ಸೂತ್ರಗಳಿಂದ ವಿವರಿಸಲು ನನ್ನ ಮಿತ್ರರಾದ ಆ ಶಾಸ್ತ್ರದ ಅಧ್ಯಾಪಕರು ಪ್ರಯತ್ನಿಸಬಹುದು. ನನಗೆ ತೋರುವುದು ಇಷ್ಟು: ಕಬ್ಬಿಣದ ಉಂಗುರ ಚಿನ್ನದ ಉಂಗುರದ ನೆರಳು. ಒಂದು ಇಲ್ಲವೆಂಬುದನ್ನು ಇನ್ನೊಂದು ತೋರಿಸುತ್ತಿದ್ದಿತು; ಜನರು ಗೌರವಿಸಿದುದು ಇಲ್ಲದುದನ್ನು.

ಅಕ್ಟೋಬರಿನಲ್ಲಿ ಲೈಪ್ಜಿಗ್ಗಿನ ಜಯ, 1814ರ ಮಾರ್ಚ್ 31ರಂದು ಪ್ಯಾರಿಸ್ ಪ್ರವೇಶ. ಪ್ರಜೆಗಳು ತಮ್ಮ ಪಾಲನ್ನು ಸಲ್ಲಿಸಿದ್ದರು. ರಾಜನೂ 1815ರ ಮೇ 22ರಂದು ಪ್ರಜಾಪ್ರತಿನಿಧಿಗಳ ಸಭೆಯನ್ನೂ ಲಿಖಿತ ರಾಜ್ಯಾಂಗವನ್ನೂ ಕೊಡುವುದಾಗಿ ಆಜ್ಞಾಪತ್ರದಲ್ಲಿ ಮಾತು ಕೊಟ್ಟನು. ಮಾತು ಮಾತಾಗಿಯೇ ಉಳಿಯಿತು. 1819ರಲ್ಲಿ ಪತ್ರಿಕೆಗಳ ಮೇಲೆಯೂ ವಿಶ್ವವಿದ್ಯಾಲಯಗಳ ಮೇಲೆಯೂ ಕಟ್ಟುಗಳು ಬಂದುವು. 1821ರಲ್ಲಿ ಯುದ್ಧದ ನೆನಪಿಗಾಗಿ ಬರ್ಲಿನ್ನಿನ ಗುಡ್ಡದ ಮೇಲೆ ಷಿಂಕೆಲ್ಲನು ರೂಪಿಸಿದ ಎತ್ತರವಾದ ಕಬ್ಬಿಣದ ಸ್ಮಾರಕವೇನೋ ನಿಂತಿತು. ರಾಜ್ಯಾಂಗ ಬಂದುದು ಇಪ್ಪತ್ತೇಳು ವರ್ಷಗಳಾದ ಮೇಲೆ, 1848ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ರಾಜನು ಸತ್ತು ಎಂಟು ವರ್ಷಗಳಾಗಿದ್ದುವು. ಅದೇ ವರ್ಷದ ಮಾರ್ಚಿಯಲ್ಲಿ ಪ್ರಜೆಗಳಿಗೂ ಸೈನ್ಯಕ್ಕೂ ಬೀದಿಯ ಕಾಳಗ ನಡೆದಾಗ ರಾಜರ ಎರಕದ ಮನೆಗೂ ಬೆಂಕಿ ಬಿದ್ದಿತು. ಚಿನ್ನ ಕೊಟ್ಟವರಲ್ಲಿ ಎಷ್ಟೋ ಮಂದಿ ಆಗಿನ್ನೂ ಬದುಕಿದ್ದಿರಬೇಕು.

ಯುದ್ಧ ಮುಗಿದ ಮೇಲೆ ಒಡವೆ ಷೋಕಿಗೆ ಬಿದ್ದಿತು. ಗೈಸ್, ದೆವರಾನ್ ಮೊದಲಾದ ಬರ್ಲಿನ್ನಿನ ಕುಶಲಿಗಳು ಜೇಡನ ಬಲೆಯನ್ನು ಹೋಲುವ ಕಂಠಹಾರಗಳನ್ನೂ, ಬಾಚಣಿಗೆಗಳನ್ನೂ, ಬೀಸಣಿಗೆಗಳನ್ನೂ ಮಾಡಿ ದೇಶಾಂತರಗಳಿಗೆ ಕಳುಹಿಸಿದರು. ಸೋತ ಪ್ಯಾರಿಸಿನಲ್ಲಿಯೇ ‘ಬರ್ಲಿನ್ ಕಬ್ಬಿಣ’ವನ್ನು ಮಾಡುವ ಅಂಗಡಿಗಳೆದ್ದುವು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು 1832ರಲ್ಲಿ ಪ್ರಕಟಿಸಿದ, ಯಂತ್ರಗಳನ್ನೂ ತಯಾರಿಕೆಯನ್ನೂ ಕುರಿತ ಪುಸ್ತಕದಲ್ಲಿ ಒಂದು ಪಟ್ಟಿಯನ್ನು ಕೊಟ್ಟಿದ್ದಾನೆ. ಒಂದು ಪೌಂಡು ಬೆಲೆಯ ಎರಕದ ಕಬ್ಬಿಣ ಮನೆಯ ಪಾತ್ರೆಯಾದರೆ ಎರಡರಷ್ಟು, ಯಂತ್ರವಾದರೆ ನಾಲ್ಕರಷ್ಟು ಬೆಲೆಗೇರುತ್ತದೆ. ಕಡಗ ಗುಂಡಿಗಳಾದರೆ ನೂರರಷ್ಟನ್ನೂ ಮೀರುತ್ತದೆ. ತ್ಯಾಗದ ಗುರುತಾಗಿ ಬಂದ ವಸ್ತು ದುಬಾರಿ ಸರಕಾಯಿತು. ಚಿನ್ನವಿದ್ದವರೇ ಕೊಂಡು ಧರಿಸಬಹುದಾದ ಕಬ್ಬಿಣ! ಶತಮಾನದ ನಡುವಿನ ಹೊತ್ತಿಗೆ ರುಚಿ ಬದಲಾಯಿಸಿತು; 1874ರಲ್ಲಿ ಬರ್ಲಿನ್ನಿನ ಎರಕದ ಮನೆ ಮುಚ್ಚಿತು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಒಮ್ಮೆ ಫಲ ಕೊಟ್ಟ ಉಪಾಯವನ್ನು ಸರ್ಕಾರಗಳು ಮರೆಯುವುದಿಲ್ಲ. 1914ರ ಮಹಾಯುದ್ಧದಲ್ಲಿ ಜರ್ಮನಿಯಲ್ಲಿಯೂ ಆಸ್ಟ್ರಿಯದಲ್ಲಿಯೂ ಅದೇ ಬರಹದ ಕಬ್ಬಿಣದ ಉಂಗುರಗಳು ಮತ್ತೆ ಬಂದುವು. 1916ರಲ್ಲಿ ಚಿನ್ನದ ಸಂಗ್ರಹಣೆ ದೊಡ್ಡ ಇಲಾಖೆಯ ಕೆಲಸವಾಗಿ, ಹೊಸಾಯುಸ್ ಎಂಬ ಶಿಲ್ಪಿ ರೂಪಿಸಿದ ಒಂದು ಕಬ್ಬಿಣದ ಪದಕವನ್ನು ಕೊಟ್ಟವರಿಗೆ ಹಂಚಿದರು. ಅದರ ಮೇಲೆ ಮೊಣಕಾಲೂರಿ ಒಡವೆಯನ್ನು ನೀಡುವ ಒಬ್ಬ ಹೆಂಗಸು. ಚಿನ್ನದ ಗಡಿಯಾರದ ಸರಪಳಿ ಕೊಟ್ಟವರಿಗೆ ಕಬ್ಬಿಣದ ಸರಪಳಿ. ಇಟಲಿಯ ಮುಸೊಲಿನಿ ಇಥಿಯೋಪಿಯದ ಮೇಲೆ ದಂಡೆತ್ತಿಹೋಗಿದ್ದಾಗ, 1935ರ ಡಿಸೆಂಬರ್ 18ರಂದು, ರೋಮಿನಲ್ಲಿ ರಾಣಿ ಎಲೆನಾ ಮೊದಲುಗೊಂಡು ಹೆಂಗಸರು ಸಾಲುನಿಂತು ಮದುವೆಯ ಉಂಗುರಗಳನ್ನು ಕೊಟ್ಟು ಉಕ್ಕಿನ ಉಂಗುರಗಳನ್ನು ತೊಟ್ಟರು. ಇಟಾಲಿಯನ್ ಭಾಷೆಯಲ್ಲಿ ಮದುವೆಯ ಉಂಗುರಕ್ಕೂ ನಂಬಿಕೆಗೂ ಒಂದೇ ಶಬ್ದ. ಆ ದಿನಕ್ಕೆ ಅದೇ ಶಬ್ದವನ್ನು ಹೆಸರಾಗಿ ಇಟ್ಟರು. ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಲು 1813ರಲ್ಲಿ ಹುಟ್ಟಿದ ಪದ್ಧತಿ ಪರರನ್ನು ಆಳಲು ಹೊರಟವರಿಗೂ ಅಷ್ಟೇ ಚೆನ್ನಾಗಿ ಒದಗಿಬಂದಿತು. ಉಂಗುರ ಯಾವ ಕೈಯಿಂದ ಬಂದಿತೆಂಬುದನ್ನು ನೋಡಿದರೆ ಸಾಲದು. ಯಾರ ಕೈಗೆ ಹೋಯಿತೆಂಬುದನ್ನೂ ಚರಿತ್ರೆಯ ವಿದ್ಯಾರ್ಥಿ ಕೇಳಬೇಕು.

ನಮ್ಮ ದೇಶದ ಮಾತು ಬೇರೆಯ ಬಗೆಯದು. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ಸೇವೆಯ ಪ್ರವಾಸದಲ್ಲಿ ಮಲಬಾರಿನ ಬಡಗರಕ್ಕೆ ಹೋಗಿದ್ದಾಗ ಕೌಮುದಿ ಎಂಬ ಹುಡುಗಿ ತನ್ನ ಬಳೆ, ಸರ, ಓಲೆಗಳನ್ನು ಸಭೆಯಲ್ಲಿಯೇ ಬಿಚ್ಚಿಕೊಟ್ಟಳು. ಗಾಂಧೀಜಿ ಆಕೆಗೆ ಬದಲಾಗಿ ಒಡವೆಯೇನನ್ನೂ ಕೊಡಲಿಲ್ಲ. ಕೊಟ್ಟ ಒಡವೆಗೆ ಪ್ರತಿಯಾಗಿ ಹೊಸದನ್ನು ಮಾಡಿಸಿಕೊಳ್ಳಕೂಡದೆಂಬುದೇ ಅವರ ನಿಯಮ. ಬೋಳುಕೈಯೇ ಅಲ್ಲಿ ಒಡವೆ. 1962ರಲ್ಲಿ ಚೀನದೊಡನೆ ಯುದ್ಧವಾದಾಗಲೂ ರಾಷ್ಟ್ರರಕ್ಷಣಾ ನಿಧಿಗೆ ದೇಶದ ಹೆಂಗಸರು ಬಳೆಗಳನ್ನು ಬಿಚ್ಚಿಕೊಟ್ಟರು.

ಬರ್ಲಿನ್ನಿನ ಈ ಒಡವೆಗಳು ಇಂದು ಮ್ಯೂಸಿಯಂಗಳಲ್ಲಿವೆ. ಗ್ಲಿವಿಟ್ಸೆಯ ಮ್ಯೂಸಿಯಂನಲ್ಲಿ ಎರಕದ ಕಲೆಗಾಗಿಯೇ ಒಂದು ವಿಭಾಗವಿದೆ. ಅಮೆರಿಕದ ಅಲಬಾಮ ಪ್ರಾಂತದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿಯೂ ಒಂದು ದೊಡ್ಡ ಸಂಗ್ರಹವಿದೆ. ಎಣ್ಣೆಮಸಿಯ ಲೇಪ ಕಿತ್ತುಹೋದ ಕಡೆ ತುಕ್ಕು ಹತ್ತುವುದರಿಂದ ಅವುಗಳನ್ನು ತೇವ ತಾಗದಂತೆ ಇಡಬೇಕು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕರಿಯ ಗಾಜಿನ, ಕರಿಯ ರಬ್ಬರಿನ ಒಡವೆಗಳನ್ನು ಇದೇ ಹೆಸರಿನಿಂದ ಮಾರುವುದುಂಟು. ತಿಳಿದವರು ಮಾತಾಡದೆ ಜೇಬಿನಿಂದ ಒಂದು ಸೂಜಿಗಲ್ಲನ್ನು ತೆಗೆದು ಹತ್ತಿರ ಹಿಡಿಯುತ್ತಾರೆ.